ವಾನಳ್ಳಿ ಗುಡ್ಡದ ಟವರ್ ಮಹಾಶಯರಿಗೆ, ಒಂದು ಕೊಪ್ಪರಿಗೆ ಏಳಾದ ಕುರಿತು

ವಾನಳ್ಳಿ ಗುಡ್ಡದ ನೆತ್ತಿಯಲ್ಲಿ ಕೂರದೆ, ಒರಗದೆ, ಮನಸ್ಸಾದಾಗ ಮಾತ್ರ ಲೋಕಸೇವೆ ಮಾಡುತ್ತಿರುವ ಮೊಬೈಲ್ ಟವರ್ ಮಹಾಶಯರ ನಾಲ್ಕೂ ಪಾದಗಳಿಗೆ, ಶಿರಸಿಯ ಪಾತ್ರೆ ಬಾಡಿಗೆ ಅಂಗಡಿಯ ಮಮತಾ ಮಾಡುವ ಪ್ರತ್ಯೇಕ ನಮಸ್ಕಾರಗಳು.

ಮಾನ್ಯರೇ,

ಮುನ್ನೂರು ಜನರ ಪಾಯಸ ಹಿಡಿಯುವ ಕೊಪ್ಪರಿಗೆ ನಮ್ಮಲ್ಲಿರುವುದು ಒಂದೇ. ಅದು ಅಂಗಡಿಗೆ ಬರುವುದೂ ಅಪರೂಪ. ಒಂದು ಮನೆಯ ಊಟ ಮುಗಿದರೆ ಅವರೇ ತಿಕ್ಕಿ ತೊಳೆದು ಅಂಗಳದಲ್ಲಿ ಬೋರಲು ಹಾಕುತ್ತಾರೆ, ಮುಂದಿನ ಮನೆಯವರು ಅಲ್ಲಿಂದಲೇ ಟೆಂಪೋದಲ್ಲಿ ಒಯ್ಯುತ್ತಾರೆ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಹಳೆಯ ಸಾಫ್ಟ್‌ವೇರ್ ತಮ್ಮ ಹಂಗಿಲ್ಲದೆ ಹತ್ತು ವರ್ಷ ದುಡಿಯಿತು ನಿಜ, ಆದರೆ ಯಾರಾದರೂ ಮೇಜಿನ ತನಕ ಬಂದು ಹೇಳಿದ್ದನ್ನು ಬಿಟ್ಟು ಬೇರೇನೂ ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ನಮ್ಮನೆಯವರು ಮನೋಹರ, ಇನ್ನು ಎಲ್ಲವೂ ವೆಬ್ಬಿನಲ್ಲಿ, ಯಾವ ಅಂಗಳದಲ್ಲಿ ನಿಂತಾದರೂ ಫೋನಿನಲ್ಲೇ ನಮೂದಿಸಬಹುದು, ಗಿರಾಕಿಗಳು ಮನೆಯಲ್ಲೇ ಕೂತು ಕಾದಿರಿಸಬಹುದು ಎಂದಾಗ ನಾನು ಕುಣಿದಾಡಿ ಒಪ್ಪಿದೆ.

ಕಳೆದ ವಾರ ವಾನಳ್ಳಿಯ ಅಂಗಳವೊಂದರಲ್ಲಿ ಕೊಪ್ಪರಿಗೆ ತೊಳೆದಾದ ಮೇಲೆ ಮನೋಹರ ‘ವಾಪಸ್ ಬಂತು’ ಎಂಬ ಗುಂಡಿ ಒತ್ತಿದರು. ಕರೆಂಟು ಹೋಗಿ ತಾವು ವಿಶ್ರಾಂತಿಯಲ್ಲಿದ್ದಿರಿ. ಅವರು ಗೊಬ್ಬರಗುಂಡಿಯ ದಂಡೆಯ ಮೇಲೆ ನಿಂತು ಒತ್ತಿದರು, ಕಟ್ಟಿಗೆ ರಾಶಿ ಹತ್ತಿ ಒತ್ತಿದರು, ಹೀಗೆ ಏಳು ಸಲ. ತಾವು ಕಣ್ಣು ಬಿಟ್ಟ ಮೇಲೆ ಏಳನ್ನೂ ಒಂದೂ ಬಿಡದೆ ತಲುಪಿಸಿದಿರಿ. ಹೊಸ ಸಾಫ್ಟ್‌ವೇರ್ ನಮಗೆ ಏಳು ಕೊಪ್ಪರಿಗೆ ಇವೆಯೆಂದು ಹಿಗ್ಗಿತು! ಮೂವತ್ತು ವರ್ಷ ಅಂಗಡಿ ನಡೆಸಿದ ನಮ್ಮ ಅತ್ತೆಯವರ ಕೈಯಲ್ಲಿ ಆಗದ ಅಭಿವೃದ್ಧಿಯನ್ನು ತಾವು ಒಂದು ಕ್ಷಣದಲ್ಲಿ ಮಾಡಿಕೊಟ್ಟಿರಿ.

ಆ ಲೆಕ್ಕವನ್ನು ನಂಬಿ ಅದು ಮೂರು ಮನೆಯವರಿಗೆ ಕಾದಿರಿಸಿಕೊಟ್ಟಿದ್ದರಿಂದ, ಈಗ ಅದೇ ಕೊಪ್ಪರಿಗೆ ನಾಡಿದ್ದು ಶುಕ್ರವಾರ ವಾನಳ್ಳಿಯ ಪಾರ್ವತವ್ವನ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರಕ್ಕೂ, ಕಿರವತ್ತಿಯ ಜಟ್ಟಪ್ಪನವರ ಗೃಹಪ್ರವೇಶಕ್ಕೂ, ಸಿದ್ದಾಪುರದ ಒಂದು ಮದುವೆಗೂ ಹೋಗಬೇಕಾಗಿದೆ. ಹೇಳಿದ ಪಾತ್ರೆ ಹೇಳಿದ ದಿನ ಹೋಗದೇ ಇದ್ದದ್ದು ನಮ್ಮ ಅಂಗಡಿಯಲ್ಲಿ ಇಲ್ಲ. ನನಗೆ ಅಳುವೇ ಬಂತು. ಮೊದಲು ಕಾದಿರಿಸಿದ್ದ ಪಾರ್ವತವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡರೆ, ಆಕೆ “ಏಳು ಅದಾವಂತಲ್ಲೇ ತಂಗಿ, ನಮ್ಮನಿಗೆ ತೂತಿಲ್ದಿದ್ದು ಒಂದು ಕಳ್ಸು, ಸಾಕು” ಎಂದು ನಕ್ಕುಬಿಟ್ಟಳು. ನಾನೂ ಅಳು ನಿಲ್ಲಿಸಿ ನಕ್ಕೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ತಮ್ಮ ಗಾಳಿಯಲ್ಲಿ ಹುಟ್ಟಿದ ಆರು ಕೊಪ್ಪರಿಗೆಗಳಲ್ಲಿ ಎರಡನ್ನಾದರೂ ಶುಕ್ರವಾರ ಬೆಳಗಿನೊಳಗೆ ಕೆಳಗಿಳಿಸಿ ಕೊಡಬೇಕು. ಹಿಡಿಕೆ ಇಲ್ಲದಿದ್ದರೂ ನಡೆದೀತು. ಅದೂ ಆಗದಿದ್ದರೆ ಸ್ವತಃ ತಾವೇ ಇಳಿದು ಬಂದು, ಕಿರವತ್ತಿಯಲ್ಲಿ ಎರಡು ಕಾಲು, ಸಿದ್ದಾಪುರದಲ್ಲಿ ಎರಡು ಕಾಲು ಇಟ್ಟು, ಪಾಯಸ ಯಾಕೆ ತಡವಾಯಿತೆಂದು ನೆಂಟರಿಗೆ ವಿವರಿಸಬೇಕು.

ತಾವು ಬರಲಾರಿರೆಂದು ಬಲ್ಲೆ. ನಾಳೆ ನಾನೇ ಎರಡೂ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಎರಡೆರಡು ಸಣ್ಣ ಪಾತ್ರೆಗಳನ್ನೂ ಹೆಚ್ಚಿನ ಒಲೆಗೆ ಬೇಕಾದ ಕಟ್ಟಿಗೆಯನ್ನೂ ಇಳಿಸಿ ಬರುತ್ತೇನೆ. ಲೆಕ್ಕ ಇನ್ನು ವೆಬ್ಬಿನಲ್ಲೋ ಮೇಜಿನ ಕಂಪ್ಯೂಟರಿನಲ್ಲೋ ಎಂದು ಇದಾದ ಮೇಲೆ ನಮ್ಮಿಬ್ಬರಲ್ಲಿ ಎದ್ದ ತಕರಾರೂ ಮುಗಿದಿದೆ. ಹಳೆಯ ಕಂಪ್ಯೂಟರನ್ನು ಯುಪಿಎಸ್ ಸಮೇತ ಕಂಬಳಿಯಲ್ಲಿ ಸುತ್ತಿ ಕೊಪ್ಪರಿಗೆಯೊಳಗೇ ಕೂರಿಸಿ ಕಳಿಸುತ್ತಿದ್ದೇನೆ. ಇನ್ನು ಮುಂದೆ ಪಾತ್ರೆ ಎಲ್ಲಿದೆಯೋ ಅದರ ದಾಖಲೆಯೂ ಅಲ್ಲೇ. ಅವೆರಡೂ ಎಲ್ಲಿವೆಯೆಂದು ಅಂಗಡಿಯಲ್ಲಿ ಕೂತ ನನಗೆ ತಿಳಿಯುವುದಿಲ್ಲ, ಅಷ್ಟೇ.

ಸಿಗ್ನಲ್ಲಿನ ಒಂದು ಗೆರೆಗಾಗಿ ಗೊಬ್ಬರಗುಂಡಿಗೂ ಕೈಮುಗಿಯುವ,
ತಮ್ಮ ವಿಶ್ವಾಸಿ,
ಮಮತಾ

ತಾ.ಕ.: ಪಾರ್ವತವ್ವನನ್ನು ಕಾಣಲು ಬಂದವಳು ಈ ಪತ್ರವನ್ನು ವಾನಳ್ಳಿಯಿಂದಲೇ ಫೋನಿನಲ್ಲಿ ಕಳಿಸಿದ್ದು, ಹೋಯಿತೋ ಇಲ್ಲವೋ ತಿಳಿಯದೆ ಗುಂಡಿಯನ್ನು ಏಳು ಸಲ ಒತ್ತಿದ್ದೇನೆ. ತಮ್ಮಲ್ಲಿ ಏಳು ದೂರುಗಳು ದಾಖಲಾಗಿದ್ದರೆ ಏಳೂ ನಿಜವೆಂದೇ ತಿಳಿದು, ಒಂದೊಂದಕ್ಕೂ ಬೇರೆ ಬೇರೆಯಾಗಿ ಕ್ಷಮೆ ಕೇಳತಕ್ಕದ್ದು.