ನಮ್ಮ ಮನೆಯ ಮಕ್ಕಳ ಕಳ್ಳರು

ನಮ್ಮ ಮನೆಯಲ್ಲಿ ಒಬ್ಬರು ಮಕ್ಕಳ ಕಳ್ಳರಿದ್ದಾರೆ. ಗಾಬರಿಬಿದ್ದು ಪೊಲೀಸರಿಗೆ ಫೋನ್ ಮಾಡಬೇಡಿ! ಇವರು ಕಳ್ಳತನಕ್ಕೆ ಹೊರಡುವುದು ಹಾಡಹಗಲಿನಲ್ಲಿ, ಹಣೆ ತುಂಬ ವಿಭೂತಿ ಧರಿಸಿ, ಕಂಕುಳಲ್ಲಿ ದಾಖಲಾತಿ ಪುಸ್ತಕ ಇಟ್ಟುಕೊಂಡು. ಅದಕ್ಕೆ ಸರ್ಕಾರವೇ ಸಂಬಳ ಕೊಡುತ್ತದೆ. ನನ್ನ ಯಜಮಾನರ ಅಣ್ಣ, ಅಂದರೆ ನನ್ನ ಭಾವನವರು, ಹರವೆಯಿಂದ ಆಚೆ ಒಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕರು. ಆ ಶಾಲೆಗೆ ಸಹಶಿಕ್ಷಕರೂ ಅವರೇ, ಗುಮಾಸ್ತರೂ ಅವರೇ, ಗಂಟೆ ಹೊಡೆಯುವವರೂ ಅವರೇ. ಮುಖ್ಯ ಶಿಕ್ಷಕರು ಬೈದರೆಂದು ಸಹಶಿಕ್ಷಕರು ಮುನಿಸಿಕೊಂಡ ಉದಾಹರಣೆ ಇಲ್ಲಿಯವರೆಗೆ ಇಲ್ಲ!

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನವೂ ನಮ್ಮ ಮನೆಯ ಬೆಳಗು ಎಂದಿನ ಹಾಗೆಯೇ ಶುರುವಾಯಿತು. ನಲ್ಲಿಯಲ್ಲಿ ನೀರು ಬರುವ ಮುಂಚೆ ಗಾಳಿ ಬಂತು. ಹಾಲು ಉಕ್ಕಿತು. ನಾನು ರಾಗಿ ರೊಟ್ಟಿ ತಟ್ಟುತ್ತಿದ್ದೆ. ಭಾವನವರ ಹೆಂಡತಿ, ನಾನು ಅಕ್ಕ ಎನ್ನುವವರು, ಲಿಂಗಪೂಜೆ ಮುಗಿಸಿ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದರು. ಭಾವನವರು ಹುಚ್ಚೆಳ್ಳು ಚಟ್ನಿಯಲ್ಲಿ ರೊಟ್ಟಿ ಅದ್ದುತ್ತ, ಬಾಯಲ್ಲಿ ಲೆಕ್ಕ ಹಾಕುತ್ತಿದ್ದರು: "ಒಂಬತ್ತು... ಒಂಬತ್ತು... ಇನ್ನೊಂದು."

ರೊಟ್ಟಿಯ ಲೆಕ್ಕವಲ್ಲ, ಮಕ್ಕಳದ್ದು. ಹತ್ತು ಮಕ್ಕಳಿಲ್ಲದ ಶಾಲೆಯನ್ನು ಮೂರು ಕಿಲೋಮೀಟರ್ ಆಚೆಯ ಇನ್ನೊಂದು ಶಾಲೆಗೆ ವಿಲೀನ ಮಾಡುತ್ತಾರೆ ಎಂದು ಆ ವರ್ಷ ಮೇಷ್ಟರುಗಳ ನಡುವೆ ಸುದ್ದಿ. ವಿಲೀನ! ಎಷ್ಟು ಇಂಪಾದ ಮಾತು ನೋಡಿ, ಹೊಳೆ ಹೋಗಿ ಸಮುದ್ರ ಸೇರಿದ ಹಾಗೆ. ನಿಜದಲ್ಲಿ ಆಗುವುದಿಷ್ಟೇ: ಬಾಗಿಲಿಗೊಂದು ಬೀಗ ಬೀಳುತ್ತದೆ. ಆರು ವರ್ಷದ ಮಕ್ಕಳು ಲಾರಿ ಓಡಾಡುವ ರಸ್ತೆ ದಾಟಿ ಮೂರು ಕಿಲೋಮೀಟರ್ ನಡೆಯಬೇಕಾಗುತ್ತದೆ. ಅವು ನಡೆಯುವುದಿಲ್ಲ. ಕುರಿ ಹಿಂದೆ ಹೋಗುತ್ತವೆ. ಭಾವನವರ ಪುಸ್ತಕದಲ್ಲಿ ಒಂಬತ್ತು ಹೆಸರಿದ್ದವು. ಇನ್ನೊಂದು ಹೆಸರು ಆವತ್ತು ಬೆಳಿಗ್ಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹಾಗೆಂದು ಭಾವನವರು ಪ್ರಯತ್ನದಲ್ಲಿ ಕಡಿಮೆ ಮಾಡಿದವರೇ? ಅವರು ಸೀಮಂತಕ್ಕೆ ಹೋದರೂ ದಾಖಲಾತಿಯೇ! ಬಸುರಿಗೆ ಅಕ್ಷತೆ ಹಾಕಿ, "ಒಂದನೇ ಕ್ಲಾಸಿಗೆ ನಮ್ಮ ಕಡೆಗೇ ಕಳಿಸಬೇಕು ಕಣವ್ವ" ಎಂದು ಮಾತು ತೆಗೆದುಕೊಂಡು ಬರುತ್ತಾರೆ. ಅವರ ಡೈರಿಯಲ್ಲಿ ಇನ್ನೂ ಹುಟ್ಟದೇ ಇರುವ ಮಕ್ಕಳೂ ಇದ್ದಾರೆ. ಇಲಾಖೆಯ ಕಂಪ್ಯೂಟರಿಗೆ ಹುಟ್ಟಿದ ತಾರೀಖು ಸಾಕು. ಭಾವನವರಿಗೆ ಮಾತ್ರ ಕಿವಿಯೇ ಬೇಕು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಮಗು ಶಾಲೆಗೆ ತಯಾರು ಎಂಬುದು ಅವರ ಅಜ್ಜನ ಕಾಲದ ಅಳತೆ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಸಂತೆಯಲ್ಲಿ, ಎಲ್ಲಿ ಮಗು ಕಂಡರೂ "ಎಲ್ಲಿ, ಕಿವಿ ಮುಟ್ಟು!"

ಗುಂಡ್ಲುಪೇಟೆಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಎಲ್ಲರೂ ಅಕ್ಷತೆ ಹಿಡಿದು ಮಂಟಪದ ಕಡೆ ನಿಂತಿದ್ದರೆ, ಭಾವನವರು ಊಟದ ಮನೆಯ ಬಾಗಿಲಲ್ಲಿ ಗಂಡಿನ ಕಡೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾರೆ. ಒಬ್ಬ ತಂದೆ ಓಡಿಬಂದರು.

"ಸ್ವಾಮಿ, ನಮ್ಮ ಹುಡುಗ ಮೈಸೂರಲ್ಲಿ ಓದ್ತಿದ್ದಾನೆ."

"ಓದ್ಲಿ ಬುಡಿ. ಕಿವಿ ಮುಟ್ಟಕ್ಕೇನು ಟ್ಯಾಕ್ಸ್ ಕಟ್ಟಬೇಕಾ?"

ಇದನ್ನೆಲ್ಲ ನೋಡುತ್ತ ಕೂತಿದ್ದ ಗಂಡಿನ ತಾತ, ಎಂಬತ್ತು ದಾಟಿದವರು, ತಾವೂ ಮೆಲ್ಲಗೆ ಕೈ ಎತ್ತಿದರು. ಭುಜ ಹಿಡಿದುಕೊಂಡಿತ್ತು, ಕೈ ನೆತ್ತಿಯವರೆಗೂ ಹೋಗಲಿಲ್ಲ. "ನಂಗೆ ಸಿಕ್ತಿಲ್ವಲ್ಲ ಮೇಷ್ಟ್ರೇ?"

ಭಾವನವರು ಗಂಭೀರವಾಗಿ ಹೇಳಿದರು: "ನಿಮಗಿನ್ನೂ ವಯಸ್ಸಾಗಿಲ್ಲ. ಮುಂದಿನ ವರ್ಷ ಬನ್ನಿ."

ಈ ಸಲ ದಾಖಲಾತಿ ಆಂದೋಲನಕ್ಕೆ ಅವರು ನನ್ನನ್ನೂ ಹೊರಡಿಸಿದ್ದರು. ಶಾಲೆ ತೆರೆಯಲು ಎರಡು ವಾರವಿತ್ತು. "ನೀನು ಕಾನ್ವೆಂಟಲ್ಲಿ ಓದಿದವಳು, ಉಪಯೋಗಕ್ಕೆ ಬರ್ತೀಯ ಬಾ" ಎಂದರು. ನನಗೆ ಒಳಗೊಳಗೇ ಹೆಮ್ಮೆ. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೊರಟೆ. ಊರಿನಲ್ಲಿ ಒಂದು ಜಗಲಿಯ ಮೇಲೆ ನಾಲ್ಕೈದು ಜನ ಕೂತಿದ್ದರು.

"ಏನ್ ಮೇಷ್ಟ್ರೇ, ನಿಮ್ ಸ್ಕೂಲ್ಗೆ ಹಳದಿ ವ್ಯಾನ್ ಅದಾ? ಇಂಗ್ಲೀಸ್ ಅದಾ?"

ಭಾವನವರು ನನ್ನ ಕಡೆ ಕೈ ತೋರಿಸಿದರು. "ಇಂಗ್ಲಿಷಾ? ನಮ್ ತಮ್ಮನ ಹೆಂಡ್ತಿನ ನೋಡಿ ಇಲ್ಲಿ. ಮೈಸೂರು ಕಾನ್ವೆಂಟಲ್ಲಿ ಹತ್ತು ವರ್ಷ ಓದವ್ಳೆ. ಈಗ ಏನ್ ಮಾಡ್ತಾವ್ಳೆ ಕೇಳಿ. ನಮ್ಮನೇಲಿ ಸಾರು ಮಾಡ್ತಾವ್ಳೆ!"

ನನ್ನನ್ನು ಕರೆತಂದದ್ದು ಸಾಕ್ಷಿಗಲ್ಲ, ಎಚ್ಚರಿಕೆ ಹೇಳುವ ಬೋರ್ಡಿನ ಹಾಗೆ ಎಂದು ಆಗ ಗೊತ್ತಾಯಿತು! ಅಷ್ಟರಲ್ಲಿ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿತು: "ಸಾರು ಚೆಂದಾಗ್ ಮಾಡ್ತೀಯಾ ಕೂಸು?"

"ಮಾಡ್ತೀನಿ ಅಜ್ಜಿ."

"ಅಂಗಾರೆ ಕಾನ್ವೆಂಟೇ ಒಳ್ಳೇದು ಕಣಪ್ಪ!"

ಆ ಜಗಲಿಯ ಎರಡು ಮಕ್ಕಳು ಮಾರನೆಯ ದಿನವೇ ಇಂಗ್ಲಿಷ್ ಶಾಲೆಗೆ ಹೆಸರು ಬರೆಸಿದವು. ಹನ್ನೊಂದು ಆಗಬೇಕಾಗಿದ್ದ ಲೆಕ್ಕ ಒಂಬತ್ತಕ್ಕೆ ನಿಂತದ್ದು ಹೀಗೆ. ಮನೆಗೆ ಬಂದ ಮೇಲೆ ಭಾವನವರು ಎರಡು ದಿನ ನನ್ನ ಸಾರನ್ನು ಅನುಮಾನದಿಂದ ನೋಡಿ ಉಂಡರು.

ಅದೇ ದಿನ ಬೀದಿಯ ಕೊನೆಯ ಮನೆಗೂ ಹೋಗಿದ್ದೆವು. ಆ ಮನೆಯ ಗಂಡ ಹೆಂಡತಿ ಗುಂಡ್ಲುಪೇಟೆ ದಾಟಿ ಕೇರಳದ ಕಡೆ ಶುಂಠಿ ಹೊಲದ ಕೆಲಸಕ್ಕೆ ಹೋಗುವವರು. ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವರ ಮಗಳು ಚಂದ್ರಿ, ಆರು ವರ್ಷ ತುಂಬಿದವಳು, ಬಾಗಿಲ ಸಂದಿಯಿಂದ ನಮ್ಮನ್ನು ನೋಡುತ್ತಿದ್ದಳು. ಭಾವನವರು ಹೇಳುವ ಮುಂಚೆಯೇ ಕೈ ಬಳಸಿ ಕಿವಿ ಮುಟ್ಟಿ ತೋರಿಸಿದಳು.

"ಮಗಳನ್ನ ಅಜ್ಜಿ ತಾವ ಬುಟ್ಟೋಗು ಕಣವ್ವ. ನಾನಿದ್ದೀನಿ" ಎಂದರು ಭಾವನವರು.

ತಾಯಿ ತಲೆ ತಗ್ಗಿಸಿದಳು. "ಬುಟ್ಟೋಗಕ್ಕೆ ನಂಗೂ ಆಸೆ ಮೇಷ್ಟ್ರೇ. ಮದ್ಯಾನಕ್ಕೆ ಸ್ಕೂಲಲ್ಲಿ ಊಟ ಆಯ್ತದೆ, ರಾತ್ರಿಗೆ ನಮ್ಮವ್ವ ಒಂದು ಮುದ್ದೆ ತಿರುವ್ತದೆ. ಆದ್ರೆ ಇವಳ ತಲೆ ಯಾರು ಬಾಚ್ತಾರೆ? ಅವ್ವನ ಕೈ ನೋಡಿ."

ಅಜ್ಜಿಯ ಕೈಬೆರಳುಗಳು ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡರೂ ನಡುಗುತ್ತಿದ್ದವು. ಚಂದ್ರಿಯ ಕೂದಲೋ, ಸೊಂಟದವರೆಗೆ ಇಳಿದ ಗುಂಗುರು ಕಾಡು! ಕತ್ತರಿಸೋಣವೆಂದರೆ ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಡುತ್ತೇವೆಂದು ಹೊತ್ತ ಹರಕೆ. ಅಲ್ಲಿಗೆ ಹೋಗಿ ಬರುವ ತನಕ ಕತ್ತರಿ ತಾಗುವಂತಿಲ್ಲ. ಹೋದ ವರ್ಷ ಅಜ್ಜಿಯ ಹತ್ತಿರ ಬಿಟ್ಟುಹೋಗಿದ್ದಾಗ ಅಂಗನವಾಡಿಯಲ್ಲಿ "ಕೆದರ್ ತಲೆ" ಎಂದು ಮಕ್ಕಳು ನಕ್ಕವಂತೆ. ಮಗು ಆಮೇಲೆ ಅತ್ತ ಹೆಜ್ಜೆ ಇಡಲಿಲ್ಲವಂತೆ.

ಒಂದು ಜಡೆಯ ಸಲುವಾಗಿ ಓದು ತಪ್ಪುವುದೇ? ನನಗೆ ನಗು ಬರುವುದರಲ್ಲಿತ್ತು. ಆ ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

"ಇಷ್ಟೇನಾ?" ಎಂದರು ಭಾವನವರು. "ಜಡೆ ಇಲಾಖೆಯೂ ನನಗೇ ಇರಲಿ ಬುಡು. ದಿನಾ ಗಂಟೆ ಹೊಡೆಯೋ ಮುಂಚೆ ಕಳಿಸು, ನಾನು ಹಾಕ್ತೀನಿ."

ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅವ್ವಾ, ಕೇಳ್ದ್ಯಾ? ಮೇಷ್ಟ್ರು ಜಡೆ ಹಾಕ್ತಾರಂತೆ!" ಅಜ್ಜಿಯೂ ನಕ್ಕಿತು. ನಾನೂ ನಕ್ಕೆ. ಪಂಚೆಯ ಗಂಟು ನಿಲ್ಲದೆ ಅದರ ಮೇಲೆ ಬೆಲ್ಟ್ ಬಿಗಿಯುವ ಮನುಷ್ಯ ನಮ್ಮ ಭಾವನವರು! ಎರಡೂ ಗಂಡುಮಕ್ಕಳನ್ನೇ ಹೆತ್ತ ಮನೆ. ರಿಬ್ಬನ್ ಎಂಬ ಪದಾರ್ಥ ಆ ಹೊಸಿಲು ದಾಟಿದ್ದೇ ಇಲ್ಲ. "ಹೊರಡೋ ದಿನ ನೋಡಾನ ಮೇಷ್ಟ್ರೇ" ಎಂದಳು ತಾಯಿ. ಅವರನ್ನು ಶುಂಠಿ ಹೊಲಕ್ಕೆ ಒಯ್ಯುವ ಜೀಪು ಹೊರಡುವುದೂ ಶಾಲೆ ತೆರೆಯುವ ದಿನವೇ.

ಆ ದಿನ ಬಂತಲ್ಲ. ಅಕ್ಕನಿಗೆ ಮಂಡಿನೋವಾದ್ದರಿಂದ ಕೇಸರಿಬಾತಿನ ಡಬ್ಬಿ ಹಿಡಿದು ನಾನೇ ಹೊರಟೆ. ಇನ್ನೊಂದು ಕಾರಣ ನನ್ನ ಫೋನು. ಭಾವನವರ ಫೋನಿನಲ್ಲಿ ತೆಗೆದ ಫೋಟೋದಲ್ಲಿ ಮಕ್ಕಳು ಯಾವುದು, ಕಂಬ ಯಾವುದು ತಿಳಿಯುವುದಿಲ್ಲ. ಅದಕ್ಕೇ ಮೇಷ್ಟರುಗಳ ವಾಟ್ಸಾಪ್ ಗುಂಪಿಗೂ ಅವರು ಕೊಟ್ಟಿದ್ದು ನನ್ನ ನಂಬರನ್ನೇ. ಶಾಲಾ ಪ್ರಾರಂಭೋತ್ಸವಕ್ಕೆ ಫೋಟೋ ಎಂದರೆ ಸಾಮಾನ್ಯವೇ? ಮೇಲಿನವರ ಸೂಚನೆ ಹಿಂದಿನ ದಿನವೇ ವಾಟ್ಸಾಪಿನಲ್ಲಿ ಬಂದಿತ್ತು: ತೋರಣ ಕಟ್ಟುವ ಫೋಟೋ, ಮಕ್ಕಳಿಗೆ ಹೂ ಕೊಡುವ ಫೋಟೋ, ಸಿಹಿ ತಿನ್ನಿಸುವ ಫೋಟೋ, ಎಲ್ಲದರಲ್ಲೂ ಬ್ಯಾನರ್ ಕಾಣಬೇಕು, ಎಲ್ಲರೂ ನಗುತ್ತಿರಬೇಕು, ಒಂಬತ್ತೂವರೆಯೊಳಗೆ ಗುಂಪಿಗೆ ಹಾಕಬೇಕು. ಶಾಲೆಯ ಗಂಟೆ ಹೊಡೆಯುವುದು ಹತ್ತಕ್ಕೆ! ಮಕ್ಕಳು ಬರುವ ಮುಂಚೆ ಮಕ್ಕಳನ್ನು ಸ್ವಾಗತಿಸುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಜಾಣ ಮೇಷ್ಟರುಗಳು ಹಿಂದಿನ ದಿನವೇ ಸಿಕ್ಕಿದ ಮಕ್ಕಳನ್ನು ಹಿಡಿದು ಉತ್ಸವ ಮುಗಿಸಿ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಭಾವನವರೂ ಹೋದ ವರ್ಷ ಹಾಗೇ ಮಾಡಿದ್ದರು. ನಿಜವಾದ ದಿನ ಮಕ್ಕಳು ಬರುವ ಹೊತ್ತಿಗೆ ತೋರಣವನ್ನು ಮೇಕೆ ತಿಂದಿತ್ತು. ಆ ಮೇಕೆಗೆ ಎಂಥ ಭವ್ಯ ಸ್ವಾಗತ!

ಈ ಸಲ ಒಂಬತ್ತು ಗಂಟೆಗೆಲ್ಲ ಒಂಬತ್ತೂ ಮಕ್ಕಳು ಬಂದು ಸಾಲಾಗಿ ನಿಂತಿದ್ದವು. ಕೆಲವರ ಸಮವಸ್ತ್ರ ಹೋದ ವರ್ಷದ್ದು, ಕೆಲವರದ್ದು ಅಣ್ಣನದ್ದು. ಭಾವನವರು ಸಾಲನ್ನು ನೋಡಲೇ ಇಲ್ಲ. ಗೇಟಿನ ಕಡೆಗೇ ಕಣ್ಣು. ರಸ್ತೆಯ ಅರಳಿಮರದ ಕೆಳಗೆ ಜೀಪು ಬಂದು ನಿಂತಿತ್ತು. ಜನ ಗಂಟುಮೂಟೆ ಹತ್ತಿಸುತ್ತಿದ್ದರು.

ಕೊನೆಗೆ ತಾಯಿ ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚಂದ್ರಿ. ಹಿಂದೆ ಅಜ್ಜಿ. ಚಂದ್ರಿಯ ಕೂದಲು ಬಿಚ್ಚಿಕೊಂಡೇ ಇತ್ತು.

"ಏಳ್ಬುಟ್ಟು ಓಗಾನ ಅಂತ ಬಂದೊ ಮೇಷ್ಟ್ರೇ. ಕೂಸುನ ಕರ್ಕೊಂಡೇ ಓಯ್ತೀವಿ."

ಭಾವನವರು ಒಳಗಿಂದ ಕುರ್ಚಿ ತಂದು ಹಾಕಿ, ತಾವು ಅದರ ಮೇಲೆ ಕೂತು, ಚಂದ್ರಿಯನ್ನು ಮುಂದಿನ ಮೆಟ್ಟಿಲ ಮೇಲೆ ಕೂರಿಸಿದರು. ಜೇಬಿನಿಂದ ಬಾಚಣಿಗೆ ಬಂತು. ಇನ್ನೊಂದು ಜೇಬಿನಿಂದ ಎರಡು ಕೆಂಪು ರಿಬ್ಬನ್ ಬಂದವು.

"ಕೊಡಿ ಭಾವ, ನಾನು ಹಾಕ್ತೀನಿ" ಎಂದೆ.

"ನಾಳೆ ಬರ್ತೀಯಾ? ನಾಡಿದ್ದು ಬರ್ತೀಯಾ? ಸುಮ್ನಿರು."

ಜೀಪು ಹಾರನ್ ಹೊಡೆಯಿತು. ಭಾವನವರು ನೆತ್ತಿಯಿಂದ ಕತ್ತಿನವರೆಗೆ ಬೈತಲೆ ತೆಗೆದರು. ಕಾನ್ವೆಂಟಿನಲ್ಲಿ ನಮ್ಮ ತಲೆ ತಪಾಸಣೆ ಮಾಡುತ್ತಿದ್ದ ಸಿಸ್ಟರ್ ಕೂಡ ತಪ್ಪು ಹುಡುಕಲಾರದಂಥ ನೇರ ಗೆರೆ. ಸಿಕ್ಕಿದ್ದ ಕಡೆ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಎಳೆತ ನೆತ್ತಿಗೆ ತಾಗದ ಹಾಗೆ ತುದಿಯಿಂದ ಬಿಡಿಸಿದರು. ಮೂರು ಕಾಲು ಮಾಡಿ ಹೆಣೆಯತೊಡಗಿದರು. ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡಿದ್ದರಿಂದ ಮಕ್ಕಳಿಗೆ ಬೈಯಲೂ ಆಗುತ್ತಿರಲಿಲ್ಲ. ಒಂಬತ್ತು ಮಕ್ಕಳೂ ಸಾಲು ಮುರಿದು ಸುತ್ತ ನಿಂತು ನೋಡಿದವು. ಒಂದೂ ನಗಲಿಲ್ಲ.

ನನ್ನ ಫೋನು ಟಿಣ್ ಎಂದಿತು. ಗುಂಪಿನಲ್ಲಿ ಪ್ರಶ್ನೆ: "ನಿಮ್ಮ ಶಾಲೆಯ ಫೋಟೋ ಏಕೆ ಬಂದಿಲ್ಲ?" ಗಾಬರಿಯಲ್ಲಿ ಕಣ್ಣ ಮುಂದಿದ್ದುದನ್ನೇ ಕ್ಲಿಕ್ಕಿಸಿ ಕಳಿಸಿಬಿಟ್ಟೆ. ಎರಡು ನಿಮಿಷದಲ್ಲಿ ಉತ್ತರ ಬಂತು: "ಬ್ಯಾನರ್ ಕಾಣುತ್ತಿಲ್ಲ. ಮುಖ್ಯ ಶಿಕ್ಷಕರು ನಗುತ್ತಿಲ್ಲ. ಮತ್ತೆ ಹಾಕಿ."

ಎರಡನೆಯ ಜಡೆಯನ್ನು ಮಡಚಿ ರಿಬ್ಬನ್ನಿನ ಹೂ ಕಟ್ಟುವ ಹೊತ್ತಿಗೆ ಜೀಪಿನಿಂದ ಗಂಡ ಕೂಗಿದ, "ಏ, ಬಂದಯಾ ಇಲ್ವಾ!" ತಾಯಿ ಅಲುಗಲಿಲ್ಲ. ಎರಡೂ ಜಡೆಯನ್ನು ಕೈಯಲ್ಲಿ ತೂಗಿ ನೋಡಿದಳು. ಮೆಲ್ಲಗೆ ಎಳೆದು ನೋಡಿದಳು. ಬಿಚ್ಚಲಿಲ್ಲ. ಆಮೇಲೆ ತನ್ನ ಚೀಲದಿಂದ ಮಗಳ ಎರಡು ಜೊತೆ ಬಟ್ಟೆ ತೆಗೆದು ಅಜ್ಜಿಯ ಮಡಿಲಿಗೆ ಹಾಕಿದಳು. ಒಂದು ಹಳೆಯ ಔಷಧಿ ಬಾಟಲಿಯಲ್ಲಿ ತುಂಬಿಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ಮೇಷ್ಟರ ಕೈಗೆ ಕೊಟ್ಟಳು.

"ಸೋಮಾರ ಸೋಮಾರ ವಸಿ ಜಾಸ್ತಿ ಅಚ್ಚಿ ಮೇಷ್ಟ್ರೇ" ಎಂದವಳು, ತಿರುಗಿ ನೋಡದೆ ಓಡಿದಳು.

ಜೀಪು ಹೋದ ಮೇಲೆ ಭಾವನವರು ಪುಸ್ತಕ ತೆರೆದು ಹತ್ತನೆಯ ಹೆಸರು ಬರೆದರು. ಕೈಯ ಎಣ್ಣೆ ಹಾಳೆಗೂ ಅಂಟಿತು. ನನಗೆ ತಡೆಯಲಾಗಲಿಲ್ಲ. "ಇದನ್ನೆಲ್ಲ ಯಾವಾಗ ಕಲಿತಿರಿ ಭಾವ?"

"ಟಿ.ಸಿ.ಎಚ್. ಅಂದ್ರೆ ಏನಂದ್ಕೊಂಡಿದ್ದೀಯ? ಮೇಷ್ಟರ ಟ್ರೈನಿಂಗಲ್ಲಿ ಎಲ್ಲಾ ಹೇಳ್ಕೊಟ್ಟಿರ್ತಾರೆ ಕಣಮ್ಮ. ನಿಮ್ಮ ಕಾನ್ವೆಂಟ್ ಥರ ಅಲ್ಲ. ಕೇಸರಿಬಾತ್ ಬಡಿಸು, ಆರಿಹೋಗ್ತದೆ!" ಎಂದು ಗದರಿದರು. ಆಮೇಲೆ ಬ್ಯಾನರಿನ ಮುಂದೆ ನಿಂತು ನಕ್ಕರು. ಆ ಫೋಟೋ ಚೆನ್ನಾಗಿ ಬಂದಿಲ್ಲ, ಕಣ್ಣು ಮುಚ್ಚಿಕೊಂಡಿದ್ದಾರೆ.

ಮನೆಗೆ ಬಂದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. "ಜಡೆಯಾ? ಇವರಾ? ಮೂವತ್ತು ವರ್ಷದಲ್ಲಿ ನನ್ನ ತಲೆಗೆ ಒಂದು ಹೂ ಮುಡಿಸಿದವರಲ್ಲ!" ಎಂದು ಅವರು ನಂಬಲೇ ಇಲ್ಲ. ಭಾವನವರು ಟೀವಿ ಮುಂದೆ ಕೂತಲ್ಲೇ ನಿದ್ದೆ ಹೋಗಿದ್ದರು.

ಸಂಜೆ ಮೋಡ ಕವಿಯಿತು. ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ದಿನವೂ ಆ ಹೊತ್ತಿಗೆ ನಾನು ಒಲೆಯ ಮುಂದೆ ಇರುವವಳು. ಆವತ್ತು ಅಕ್ಕನೇ ಸಾರಿಗೆ ಇಟ್ಟಿದ್ದರು. ಪಕ್ಕದ ಮನೆಯ ಗಿರಿಜಮ್ಮನವರು ತಮ್ಮ ಮಹಡಿಯಲ್ಲಿ ಸಂಡಿಗೆ ಎತ್ತುತ್ತ, ನನ್ನ ಕಡೆ ನೋಡದೆಯೇ ಮಾತಿಗೆಳೆದರು:

"ನಿಮ್ ಭಾವ ಇವತ್ತು ಮೇಲಕ್ಕೆ ಬರ್ಲೇ ಇಲ್ವಲ್ಲಮ್ಮ? ಹದಿನೈದು ದಿನದಿಂದ ಸಾಯಂಕಾಲ ಆಗ್ತಿದ್ದಂಗೆ ಆ ಟ್ಯಾಂಕಿನ ಪೈಪಿಗೆ ತೆಂಗಿನ ನಾರು ಕಟ್ಕೊಂಡು ಹೆಣೆಯೋದು, ಬಿಚ್ಚೋದು, ಮತ್ತೆ ಹೆಣೆಯೋದು, ಬಿಚ್ಚೋದು. ರಿಟೈರ್ ಆದ್ಮೇಲೆ ಹಗ್ಗದ ಅಂಗಡಿ ಇಡ್ತಾರೇನೋ ಅಂದ್ಕೊಂಡೆ!"