ಕೋಲು ಕಚ್ಚುವ ನಮ್ಮ ಮಾವ

ನನ್ನ ಸೋದರಮಾವ ನೆಲದೊಳಗಿನ ಮಾತನ್ನು ಕೇಳಿಸಿಕೊಳ್ಳಬಲ್ಲರು. ನೆಲದ ಮೇಲಿನವರ ಮಾತನ್ನು ಅವರು ಕೇಳಿದ್ದನ್ನು ಮಾತ್ರ ನಮ್ಮ ಕುಟುಂಬದಲ್ಲಿ ಯಾರೂ ಕಂಡವರಿಲ್ಲ. ಹೆಸರು ಬರೆಯುವುದಿಲ್ಲ, ಕ್ಷಮಿಸಿ. ಬರೆದರೆ ನಾಳೆ ಬೆಳಿಗ್ಗೆಯೇ ಅರ್ಧ ಮೈಸೂರು ಸೋರುವ ನಲ್ಲಿಗಳ ಅಹವಾಲು ಹೊತ್ತು ನಜರ್‌ಬಾದಿನ ಅವರ ಮನೆ ಬಾಗಿಲಿಗೆ ಬರುತ್ತದೆ. ಅದೂ ಅಲ್ಲದೆ ಆ ಮನೆಯೊಳಗೇ ಆ ಹೆಸರಿಗೆ ಚಲಾವಣೆಯಿಲ್ಲ. ನಮ್ಮ ಅತ್ತೆ ಮದುವೆಯಾದ ನಲವತ್ತನಾಲ್ಕು ವರ್ಷಗಳಲ್ಲಿ ಗಂಡನ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಗ್ಯಾಸ್ ಸಿಲಿಂಡರಿನವನು ಯಜಮಾನರ ಹೆಸರು ಕೇಳಿದರೆ ಗೇಟಿನ ಮೇಲಿನ ಬೋರ್ಡು ತೋರಿಸುತ್ತಾರೆ. ಕರೆಯುವುದಕ್ಕೆ 'ಏನೂಂದ್ರೆ' ಇದೆಯಲ್ಲ, ಇನ್ನೇನು ಬೇಕು!

ಮಾವ ನಿವೃತ್ತರಾಗುವ ತನಕ ನೀರು ಸರಬರಾಜಿನ ಕೆಲಸದಲ್ಲಿದ್ದರು. ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆಯೆಂದು ಪತ್ತೆ ಹಚ್ಚುವುದು. ಪತ್ತೆಗೆ ಅವರ ಬಳಿ ಇದ್ದದ್ದು ಗಜದುದ್ದದ ಒಂದು ಕಬ್ಬಿಣದ ಕೋಲು. ಒಂದು ತುದಿಗೆ ನಿಂಬೆಹಣ್ಣಿನ ಗಾತ್ರದ ಮರದ ಗುಂಡು. ಕಬ್ಬಿಣದ ತುದಿಯನ್ನು ಪೈಪಿನ ಮೇಲೋ ನೆಲದ ಮೇಲೋ ಊರಿ, ಮಂಡಿಯೂರಿ ಕೂತು, ಮರದ ಗುಂಡನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಬಿಟ್ಟರೆ ಮುಗಿಯಿತು. ಪಕ್ಕದಲ್ಲಿ ಮದುವೆ ಬ್ಯಾಂಡು ಹೋದರೂ ಏಳುವವರಲ್ಲ. ಸರಿಯಾಗಿ ಹರಿಯುವ ನೀರು ಗುನುಗುತ್ತದಂತೆ, ಸೋರುವ ನೀರು ಸಿಳ್ಳೆ ಹಾಕುತ್ತದಂತೆ. ಕೆಲಸದಿಂದ ನಿವೃತ್ತಿಯಾದರೂ ಕೋಲು ನಿವೃತ್ತಿಯಾಗಲಿಲ್ಲ. ನಾವು ಅದನ್ನು ಮಾವನ ಸ್ಟೆತಾಸ್ಕೋಪ್ ಎಂದು ಕರೆಯುತ್ತೇವೆ.

ಮನುಷ್ಯರನ್ನೂ ಅವರು ಇದೇ ಲೆಕ್ಕದಲ್ಲಿ ಅಳೆಯುತ್ತಾರೆ. ಏಣಿ ಒಯ್ದು ವಾಪಸ್ ಕೊಡದ ಎದುರುಮನೆಯವರು ನಾನ್-ರಿಟರ್ನ್ ವಾಲ್ವ್, ಒಂದೇ ದಿಕ್ಕಿಗೆ ಬಿಡುವ ಪೈಕಿ. ನಮ್ಮಪ್ಪ ಎರಡು ದಿನಕ್ಕೊಮ್ಮೆ ನೀರು ಬರುವ ಏರಿಯಾ, ಯಾಕೆಂದರೆ ಅವರು ಮಾತಾಡುವುದು ಅಷ್ಟೇ. ನನ್ನ ಗಂಡನ ವಿಷಯ ಕೇಳಿದಾಗ ಮಾವ "ಮಳೆನೀರಿನ ಇಂಗುಗುಂಡಿ ಕಣಮ್ಮ. ನೀನು ಎಷ್ಟು ಸುರಿದ್ರೂ ಮೇಲೆ ಏನೂ ಕಾಣ್ಸಲ್ಲ" ಅಂದರು. ಹದಿನೆಂಟು ವರ್ಷ ಸಂಸಾರ ಮಾಡಿದ ನನಗೆ ಇದಕ್ಕಿಂತ ಒಳ್ಳೆಯ ಮಾತು ಹೊಳೆದಿಲ್ಲ.

ಅಂದ ಹಾಗೆ, ಆ ಇಂಗುಗುಂಡಿಯನ್ನು ನನಗೆ ಕಟ್ಟಿದ್ದೂ ಇವರೇ! ಗಂಡಿನ ಮನೆ ನೋಡಲು ನಮ್ಮವರೆಲ್ಲ ಹೋಗಿದ್ದಾಗ, ಉಪ್ಪಿಟ್ಟು ಕೇಸರಿಬಾತು ಬಂದು ಮಾತುಕತೆ ಜಾತಕಕ್ಕೆ ತಿರುಗುವ ಹೊತ್ತಿಗೆ ಮಾವ ಮಾಯವಾದರು. ಹತ್ತು ನಿಮಿಷವಾದರೂ ಪತ್ತೆಯಿಲ್ಲ. ಗಂಡಿನ ತಾಯಿ ಬಚ್ಚಲುಮನೆಗೆ ಹೋದವರು ಗಾಬರಿಯಾಗಿ ಓಡಿಬಂದರು. ಅವರ ಹಿಂದೆಯೇ ಮಾವ ಪಂಚೆ ಕೊಡವಿಕೊಳ್ಳುತ್ತ ಬಂದು ತೀರ್ಪು ಕೊಟ್ಟರು. "ಈ ಮನೇಲಿ ಒಂದ್ ನಲ್ಲೀನೂ ತೊಟ್ಟಿಕ್ಕಲ್ಲ. ಹುಡುಗಿ ಕೊಟ್‌ಬುಡಬೋದು." ಜಾತಕವನ್ನು ಮತ್ತೆ ಯಾರೂ ಬಿಚ್ಚಲಿಲ್ಲ.

ಗೋಕುಲಂನದು ಇನ್ನೊಂದು ಕಥೆ. ಅಲ್ಲಿ ಯಾರದೋ ಮನೆಯ ಮುಂದೆ ಮಾವ ಎಂದಿನಂತೆ ರಸ್ತೆ ಬದಿಯಲ್ಲಿ ಮಂಡಿಯೂರಿ ಕಣ್ಣು ಮುಚ್ಚಿ ಕೂತಿದ್ದರು. ಚಾಪೆ ಸುತ್ತಿಕೊಂಡು ಯೋಗದ ತರಗತಿಯಿಂದ ಬರುತ್ತಿದ್ದ ಮೂವರು ವಿದೇಶಿಯರು ನಿಂತು ನೋಡಿದರು. ಐದು ನಿಮಿಷವಾದರೂ ಈ ಮುದುಕ ಅಲ್ಲಾಡುವುದಿಲ್ಲ! ಚಪ್ಪಲಿ ಬಿಟ್ಟರು, ಚಾಪೆ ಹಾಸಿದರು, ತಾವೂ ಮಂಡಿಯೂರಿ ಕಣ್ಣು ಮುಚ್ಚಿದರು. ಅರ್ಧ ಗಂಟೆಯ ಮೇಲೆ ಮಾವ ಕಣ್ಣು ತೆರೆದು "ಸಿಕ್ತು" ಅಂದಾಗ ಮೂವರೂ ಕೈಮುಗಿದರು. ಏನು ಸಿಕ್ಕಿತೆಂದು ಒಬ್ಬಾಕೆ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು. "ವಾಟರ್" ಅಂದರು ಮಾವ. ಆಕೆಯ ಕಣ್ಣು ತುಂಬಿ ಬಂತಂತೆ.

ಇಂಥ ಮಾವನಲ್ಲಿ ಒಂದು ವರ್ಷದಿಂದ ಎರಡು ಬದಲಾವಣೆ ಕಂಡವು. ಮೊದಲನೆಯದು, ಕೋಲನ್ನು ಕಿವಿಗೆ ಇಡುವುದು ಬಿಟ್ಟು ಹಲ್ಲಿನಲ್ಲಿ ಕಚ್ಚತೊಡಗಿದರು. ಎಪ್ಪತ್ತರಲ್ಲೂ ಹಲ್ಲು ಗಟ್ಟಿ ಎಂದು ಊರಿಗೆಲ್ಲ ತೋರಿಸಬೇಕೇ? ಕೇಳಿದರೆ ಉತ್ತರವಿಲ್ಲ. ಮಕ್ಕಳು "ತಾತ ಕಬ್ಬು ತಿಂತಿದೆ" ಎಂದು ನಗುತ್ತಿದ್ದರು. ಎರಡನೆಯದು ಇನ್ನೂ ದೊಡ್ಡ ಪವಾಡ. ಅತ್ತೆ ಏನು ಹೇಳಿದರೂ ಮಾವ "ಹೂಂ, ಹಂಗೇ ಮಾಡು" ಅನ್ನತೊಡಗಿದರು! ಹೊಸ ಮಿಕ್ಸಿ ಅಂದರೆ ಹೂಂ, ಮೆಟ್ಟಿಲು ಹತ್ತಿಯೇ ಚಾಮುಂಡಿ ಬೆಟ್ಟಕ್ಕೆ ಹೋಗುತ್ತೇನೆ ಅಂದರೆ ಹೂಂ.

"ಕೊನೆಗೂ ನನ್ನ ಮಾತು ಕೇಳ್ತಾರೆ ಕಣಮ್ಮ" ಎಂದು ಅತ್ತೆ ನನ್ನ ಬಳಿ ಹೇಳಿಕೊಂಡರು. "ಈಗ ದಿನಾ ಸಂಜೆ ಕೂತ್ಕೊಂಡು ಎಲ್ಲಾ ಹೇಳ್ತೀನಿ. ತೌರುಮನೆ ವಿಷ್ಯ, ಚಿಕ್ಕೋಳಿದ್ದಾಗಿನ ವಿಷ್ಯ. ಒಂದ್ ಸಲಾನೂ ಎದ್ದೋಗಲ್ಲ." ಹೇಳುವಾಗ ಅವರ ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ ಇತ್ತು.

ಹೋದ ತಿಂಗಳು ಸರಸ್ವತಿಪುರಂನ ನಮ್ಮ ಮನೆಯ ಸಂಪಿನ ತೊಟ್ಟಿಗೆ ನೀರು ತುಂಬುವುದು ನಿಂತಿತು. ಮೀಟರು ಓಡುತ್ತದೆ, ಸಂಪು ಖಾಲಿ. ಪ್ಲಂಬರ್ ಬಂದು ನೋಡಿ, "ಮೇಡಂ, ಗೇಟಿಂದ ಸಂಪಿನ ತಂಕ ಅಷ್ಟೂ ಟೈಲ್ಸ್ ಒಡೀಬೇಕು" ಅಂದ. ಮಾವನಿಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ. ಈಚೆಗೆ ಮಾವ ಫೋನ್ ಮುಟ್ಟುವುದೇ ಇಲ್ಲವಂತೆ, ದೊಡ್ಡ ಮನುಷ್ಯರಾಗಿಬಿಟ್ಟಿದ್ದಾರಂತೆ.

ಇಬ್ಬರೂ ಆಟೋದಲ್ಲಿ ಬಂದರು. ಮಾವ ಅಂಗಳದಲ್ಲಿ ಮಂಡಿಯೂರಿದರು, ಮರದ ಗುಂಡನ್ನು ಕಚ್ಚಿದರು, ಒಂದೊಂದೇ ಟೈಲ್ಸಿನ ಮೇಲೆ ಕೋಲು ಊರುತ್ತ ಸಾಗಿದರು. ಪ್ಲಂಬರ್ ಬಾಯಿಗೆ ಕರ್ಚೀಫು ಇಟ್ಟುಕೊಂಡು ನಗು ತಡೆದುಕೊಂಡ. ಕೊನೆಗೆ ಮಾವ ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದು ಟೈಲ್ಸಿನ ಮೇಲೆ ಗುಣಿಸು ಚಿಹ್ನೆ ಹಾಕಿದರು. "ಇಲ್ಲಿ ಒಡಿ, ಸಾಕು."

ಒಡೆದ. ಚಿಲ್ಲನೆ ನೀರು ಚಿಮ್ಮಿತು! ಪ್ಲಂಬರ್ ನಗು ನುಂಗಿ, ಇನ್ನಷ್ಟು ಬಿಡಿಸಲು ಸುತ್ತಿಗೆ ಎತ್ತಿ, "ಸಾರ್, ಸರೀರಿ" ಅಂದ. ಅವನಿಗೆ ಬೆನ್ನು ಹಾಕಿ ಕೂತಿದ್ದ ಮಾವ ಕದಲಲಿಲ್ಲ. "ಸಾರ್, ಚೂರು ಸಿಡೀತದೆ, ಸರೀರಿ" ಎಂದು ಕೂಗಿದ. ಇಲ್ಲ. ನಾನು ಹೋಗಿ ತೋಳು ಹಿಡಿದು ಎಳೆಯಬೇಕಾಯಿತು.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಅತ್ತೆಯ ಮುಖ ಬಿಳಿಚಿಕೊಂಡಿತು. ನಿಧಾನವಾಗಿ ಇಳಿದು ಬಂದು ಮಾವನ ಎದುರು ನಿಂತು, ದಿನಾ ಸಂಜೆ ಮಾತಾಡುವ ದನಿಯಲ್ಲೇ ಹೇಳಿದರು. "ಏನೂಂದ್ರೆ, ನಾಳೆಯಿಂದ ನಾನು ತೌರಿಗೋಗ್ತೀನಿ. ಮತ್ತೆ ವಾಪಸ್ ಬರಲ್ಲ."

ಮಾವ ಅತ್ತೆಯ ತುಟಿ ಆಡುವುದು ನಿಲ್ಲುವವರೆಗೆ ಕಾದು, ಪ್ರೀತಿಯಿಂದ ನಕ್ಕರು.

"ಹೂಂ, ಹಂಗೇ ಮಾಡು."

ನನಗೆ ನಗು ಬಂತು. ಅತ್ತೆ ನಗಲಿಲ್ಲ. ನಾನು ಸೀಮೆಸುಣ್ಣ ತೆಗೆದುಕೊಂಡು ಟೈಲ್ಸಿನ ಮೇಲೆ 'ಕಿವಿ ಕೇಳಿಸಲ್ವಾ ಮಾವ?' ಎಂದು ಬರೆದೆ. ಮಾವ ಓದಿದರು. ಸಂಪಿನ ಮುಚ್ಚಳದ ಮೇಲೆ ಕೂತರು.

"ವರ್ಷ ಆಯ್ತು ಕಣಮ್ಮ" ಅಂದರು. ಕಿವಿ ಮುಟ್ಟಿ ತೋರಿಸಿದರು. "ಮೇನ್ ಲೈನ್ ಕಟ್ಕೊಂಬುಟ್ಟಿದೆ." ಆಮೇಲೆ ಹಲ್ಲು ತೋರಿಸಿದರು. "ಬೈಪಾಸಲ್ಲಿ ಬರ್ತದೆ. ಕಚ್ಚಿದ್ರೆ ಮೂಳೆ ಮೇಲೆ ಹಾದು ತಲೆಯೊಳಗೆ ಕೇಳ್ಸುತ್ತೆ. ಕಿವಿ ಹೋದೋನ್ನ ಸೋರಿಕೆ ಹುಡುಕೋಕೆ ಯಾರ್ ಕರೀತಾರೆ, ಹೇಳು. ಅದ್ಕೇ ಸುಮ್ಕಿದ್ದೆ."

ಅತ್ತೆ ನನ್ನ ಕಡೆ ತಿರುಗಿದರು. "ಹಂಗಾದ್ರೆ ಒಂದು ವರ್ಷದಿಂದ ನಾನು ಯಾರ ಹತ್ರ ಮಾತಾಡ್ತಿದ್ದೆ?"

ಇಷ್ಟು ದಿನ ಈ ಮನುಷ್ಯನನ್ನು ಆಡಿಕೊಂಡು ನಗುತ್ತಿದ್ದ ನನಗೆ ನಾಚಿಕೆಯಾಯಿತು. ಡಾಕ್ಟರಿಗೆ ತೋರಿಸೋಣ, ಮೆಷಿನ್ ಹಾಕಿಸೋಣ ಎಂದು ಏನೇನೋ ಹೇಳಿದೆ. ಹಾಕಿಸಿದ್ದೂ ಆಯಿತು, ಈಗ ಮಾವ ಅತ್ತೆಯೊಂದಿಗೆ ಮೊದಲಿನಂತೆ ಜಗಳವಾಡುತ್ತಾರೆ, ಆ ಮಾತು ಬೇರೆ. ಆವತ್ತು ಅತ್ತೆ ನನ್ನ ಮಾತಿಗೆ ಕಿವಿಗೊಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದೇ ಸೆರಗಿನಿಂದ ಕೋಲಿನ ಗುಂಡನ್ನೂ ಒರೆಸಿದರು, ಕಬ್ಬಿಣದ ತುದಿಯನ್ನೂ ಒರೆಸಿದರು. ಗುಂಡನ್ನು ಗಂಡನ ಬಾಯಿಗೆ ಇಟ್ಟು, ಎದುರಿಗೆ ಕೂತು, ಇನ್ನೊಂದು ತುದಿಯನ್ನು ತಮ್ಮ ಗಂಟಲಿಗೆ ಒತ್ತಿ ಹಿಡಿದರು.

ಬೈಯುತ್ತಾರೆ ಅಂದುಕೊಂಡೆ. ಒಂದು ವರ್ಷದ ಬೈಗುಳ ಇತ್ತಲ್ಲ!

ಅತ್ತೆ ಗಂಡನ ಹೆಸರು ಹೇಳಿದರು. ಗೇಟಿನ ಬೋರ್ಡಿನಲ್ಲಿ ಇರುವ ಹಾಗೆಯೇ, ಪೂರ್ತಿ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯದಿರುವುದಕ್ಕೆ ನಿಜವಾದ ಕಾರಣ ಇದು. ಅದು ಅತ್ತೆ ಹೇಳಿದ ಮೇಲೆ ಅತ್ತೆಯದು.

ಮಾವನ ಕಣ್ಣು ಅಗಲವಾದವು. ಕಿವಿಯ ತುದಿಯವರೆಗೂ ಕೆಂಪಾದರು. ಕೋಲನ್ನು ಬಾಯಿಂದ ತೆಗೆದು, ನಲ್ಲಿ ನೋಡಲು ಬಂದ ಕೆಲಸಗಾರನ ಗಾಂಭೀರ್ಯದಲ್ಲಿ ಹೇಳಿದರು.

"ಸರಿಯಾಗಿ ಕೇಳ್ಸಲಿಲ್ಲ ಕಣೇ. ಲೈನಲ್ಲಿ ಗಾಳಿ ಸೇರ್ಕೊಂಡಿರ್ಬೇಕು. ಇನ್ನೊಂದ್ ಸಲ ಹೇಳು."

ಮತ್ತೆ ಕಚ್ಚಿಕೊಂಡರು. ಅತ್ತೆ ಮತ್ತೆ ಹೇಳಿದರು. ಮಾವ ತಲೆಯಾಡಿಸಿ, ಇನ್ನೂ ಇಲ್ಲ, ಇನ್ನೊಂದು ಸಲ ಎಂದು ಸನ್ನೆ ಮಾಡಿದರು. ಪ್ಲಂಬರ್ ಸುತ್ತಿಗೆ ಕೆಳಗಿಟ್ಟು ನೋಡುತ್ತ ನಿಂತಿದ್ದ. ಅಂಗಳದಲ್ಲಿ ನೀರು ಹರಿಯುತ್ತಲೇ ಇತ್ತು, ಜೀವಮಾನದಲ್ಲಿ ಮೊದಲ ಸಲ ಮಾವ ಅದರ ಕಡೆ ನೋಡಲಿಲ್ಲ.

ನಾಲ್ಕನೆಯ ಸಲಕ್ಕೆ ಅತ್ತೆಗೆ ಅನುಮಾನ ಬಂತು. ಆದರೂ ಹೇಳಿದರು.