ತುಲಾಭಾರಕ್ಕೆ ಸಾಲದ ಬೆಲ್ಲ

ಹದಿಮೂರು ಕಿಲೋ ತೂಕ ಇಳಿಸಿದವನಿಗೆ ಜನ ಶಾಲು ಹೊದಿಸಿ ಹಾರ ಹಾಕುತ್ತಾರೆ ಎಂದು ಶಾಂತವೀರಪ್ಪನವರು ತಿಳಿದಿದ್ದರು. ಬನಶಂಕರಿ ಎರಡನೇ ಹಂತದ ಜನ ಅವರಿಗೆ ಸಂತಾಪ ಸೂಚಿಸಿದರು.

"ಏನ್ ಸಾರ್, ಇಷ್ಟೊಂದು ಇಳಿದುಹೋಗಿದ್ದೀರಾ! ಶುಗರಾ?" ಎಂದು ಹಾಲಿನ ಅಂಗಡಿಯವನು ಕೇಳಿದ. ಎದುರುಮನೆಯವರು ದನಿ ತಗ್ಗಿಸಿ, "ಮನೇಲಿ ಎಲ್ಲಾ ನೆಮ್ಮದಿ ತಾನೇ?" ಎಂದರು. ಪಾರ್ಕಿನ ವಾಕಿಂಗ್ ಬಳಗದ ಹಿರಿಯರೊಬ್ಬರಂತೂ ಹೆಗಲ ಮೇಲೆ ಕೈಯಿಟ್ಟು, "ಧೈರ್ಯವಾಗಿರಿ, ಈಗ ಎಲ್ಲದಕ್ಕೂ ಔಷಧಿ ಇದೆ" ಎಂದು ಜಯನಗರದ ಡಾಕ್ಟರೊಬ್ಬರ ನಂಬರನ್ನೂ ಕೊಟ್ಟರು. "ಇಲ್ಲ ಸಾರ್, ನಾನೇ ಡಯಟ್ ಮಾಡಿ ಇಳಿಸಿದ್ದು" ಎಂದರೆ, ಕಾಯಿಲೆಯವರೆಲ್ಲ ಮೊದಮೊದಲು ಹೀಗೇ ಹೇಳುವುದು ಎಂಬಂತೆ ತಲೆಯಾಡಿಸಿದರು.

ಈ ಅನ್ಯಾಯ ಶಾಂತವೀರಪ್ಪನವರಿಗೆ ಹೆಚ್ಚು ಚುಚ್ಚಿದ್ದಕ್ಕೆ ಕಾರಣವಿತ್ತು. ತೂಕವೇ ಅವರ ಕಸುಬು. ಮೂವತ್ತು ವರ್ಷದಿಂದ ಅವರು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ದಂಡ ಹಾಕುವುದು. ಅವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿಯವರ ಕೈ ತಾನಾಗಿಯೇ ಒಂದು ಟೊಮೆಟೊ ಹೆಚ್ಚು ಹಾಕುತ್ತಿತ್ತು (ಎಂದು ಅವರೇ ಹೇಳಿಕೊಳ್ಳುತ್ತಿದ್ದರು).

ಹೋದ ವರ್ಷ ದಿನಸಿ ಅಂಗಡಿಯ ಬೋರಣ್ಣನ ತಕ್ಕಡಿ ನಲವತ್ತು ಗ್ರಾಂ ಆಚೀಚೆ ತೋರಿಸಿತ್ತು. "ಕೆಳಗಿನ ಹಲಗೆ ಸ್ವಲ್ಪ ಓರೆ ಸಾರ್, ತಕ್ಕಡೀದೇನೂ ತಪ್ಪಿಲ್ಲ" ಎಂದು ಬೋರಣ್ಣ ಕೈಮುಗಿದ.

ಶಾಂತವೀರಪ್ಪನವರು ಅಂಗಡಿಯ ಮುಂದೆ ನಿಂತ ಗಿರಾಕಿಗಳೆಲ್ಲ ಕೇಳುವಂತೆ ಉಪದೇಶ ಮಾಡಿದರು. "ನೋಡು ಬೋರಣ್ಣ, ತಕ್ಕಡಿ ಯಾವತ್ತೂ ಸುಳ್ಳು ಹೇಳಲ್ಲ. ಸುಳ್ಳು ಹೇಳೋನು ಅದರ ಪಕ್ಕದಲ್ಲಿ ನಿಂತಿರ್ತಾನೆ."

ಆ ಮಾತು ಬೋರಣ್ಣನ ಮನಸ್ಸಿನಲ್ಲಿ ಉಳಿಯಿತು. ಇರಲಿ, ಅದು ಆಮೇಲೆ.

ಅವರು ತೂಕ ಇಳಿಸಲು ಹೊರಟಿದ್ದು ತೊಂಬತ್ತಾರು ಕಿಲೋದಿಂದ. "ಶುಗರ್ ಇನ್ನೂ ಬಂದಿಲ್ಲ, ಹೊಸಿಲ ಮೇಲೆ ನಿಂತಿದೆ. ನೀವಾಗಿ ಒಳಗೆ ಕರೀಬೇಡಿ" ಎಂದು ಡಾಕ್ಟರು ಹೇಳಿದ್ದರು. ಅಂದೇ ಸಂಜೆ ಹೆಂಡತಿ ಮೀನಾಕ್ಷಮ್ಮನವರು ಪಕ್ಕದ ಕ್ರಾಸಿನ ವೀರಭದ್ರಸ್ವಾಮಿ ಗುಡಿಗೆ ಹೋಗಿ ಹರಕೆ ಹೊತ್ತರು: ಯಜಮಾನರ ತೂಕ ಎಂಬತ್ತೈದರೊಳಗೆ ಬಂದರೆ, ಅವರ ತೂಕದಷ್ಟು ಬೆಲ್ಲದ ತುಲಾಭಾರ.

ಶಾಂತವೀರಪ್ಪನವರು ಐದು ತಿಂಗಳು ತಪಸ್ಸು ಮಾಡಿದರು. ರಾತ್ರಿ ಒಂದೇ ರೊಟ್ಟಿ, ಬೆಳಿಗ್ಗೆ ಪಾರ್ಕಿಗೆ ಏಳು ಸುತ್ತು. ದರ್ಶಿನಿ ಹೋಟೆಲುಗಳ ಮುಂದೆ ಹಾಯುವಾಗ, ಹಿಂದೆಂದೋ ಸಾಲ ಕೊಟ್ಟವನನ್ನು ಕಂಡವರಂತೆ ಮುಖ ತಿರುಗಿಸಿ ನಡೆದರು. ಪ್ರತಿ ಭಾನುವಾರ ಬೆಳಿಗ್ಗೆ ಕೋಣೆಯಲ್ಲಿದ್ದ ತೂಕದ ಯಂತ್ರದ ಮೇಲೆ ನಿಂತು ಅಂಕಿಯನ್ನು ಕೂಗಿ ಹೇಳುವುದು, ಮೀನಾಕ್ಷಮ್ಮ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು "ಭೇಷ್!" ಎನ್ನುವುದು. ಕೊನೆಗೊಂದು ಭಾನುವಾರ ಎಂಬತ್ತಮೂರು ಬಂತು. ಅಂದು ಮೀನಾಕ್ಷಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

ತೊಂದರೆ ಶುರುವಾದದ್ದು ಆಮೇಲೆ. ತೂಕ ಇಳಿಸುವುದು ಯುದ್ಧವಿದ್ದಂತೆ. ಇಳಿದಲ್ಲೇ ನಿಲ್ಲುವುದು ಸಂಸಾರವಿದ್ದಂತೆ. ಯುದ್ಧಕ್ಕಾದರೆ ಕಹಳೆಯಿದೆ, ಜೈಕಾರವಿದೆ. ಸಂಸಾರಕ್ಕೆ ಯಾರು ಕಹಳೆ ಊದುತ್ತಾರೆ? ಮರುವಾರವೂ ಎಂಬತ್ತಮೂರು, ಅದರ ಮರುವಾರವೂ ಎಂಬತ್ತಮೂರು. ಮೀನಾಕ್ಷಮ್ಮ "ಹೂಂ" ಎಂದರು. ಮೂರನೆಯ ವಾರ ಅದನ್ನೂ ಅನ್ನಲಿಲ್ಲ. ಹೊರಗೆ ಹೋದರೆ "ಶುಗರಾ?" ಒಳಗೆ ಬಂದರೆ ಮೌನ. ಇಷ್ಟಕ್ಕೆ ನಾನು ಐದು ತಿಂಗಳು ಸೋರೆಕಾಯಿ ತಿಂದೆನೇ ಎಂದು ಶಾಂತವೀರಪ್ಪನವರಿಗೆ ಅನಿಸಿತು.

ಸರಿಯಾಗಿ ಆ ಸಮಯಕ್ಕೆ ಮಗಳು ಮೇಘಶ್ರೀ ಬಾಣಂತನಕ್ಕೆ ಬಂದಳು.

ಹೆಣ್ಣುಮಗು. ಮನೆಯೆಲ್ಲ ಸಾಂಬ್ರಾಣಿ ಹೊಗೆ, ಬಜೆಯ ವಾಸನೆ. ದಾವಣಗೆರೆ ಕಡೆಯವರಾದ ಮೀನಾಕ್ಷಮ್ಮ ಬಾಣಂತಿಗೆಂದು ಅಂಟಿನುಂಡೆ ಕಟ್ಟಿದರು. ತುಪ್ಪದಲ್ಲಿ ಹೂವಿನಂತೆ ಅರಳಿದ ಅಂಟು, ಹುರಿದ ಕೊಬ್ಬರಿ, ಉತ್ತುತ್ತೆ, ಬಾದಾಮಿ, ಗಸಗಸೆ, ಇವೆಲ್ಲವನ್ನೂ ಬೆಲ್ಲದ ಪಾಕದಲ್ಲಿ ಕಲಸಿ ಮುಷ್ಟಿಗಾತ್ರದ ಉಂಡೆ. ಅದರ ಪರಿಮಳ ಪಡಸಾಲೆಗೆ ಬಂತು, ಸೋಫಾದ ಮೇಲೆ ಕೂತಿದ್ದ ತಪಸ್ವಿಯ ಮೂಗನ್ನು ಹುಡುಕಿಕೊಂಡು ಬಂತು.

"ಅಪ್ಪಾ," ಎಂದಳು ಮೇಘಶ್ರೀ, ಬಾಗಿಲ ಕಡೆ ಒಂದು ಕಣ್ಣಿಟ್ಟು. "ಇದನ್ನ ಕಂಡ್ರೇ ನಂಗೆ ಆಗಲ್ಲ. ತಿನ್ನದೆ ಇದ್ರೆ ಅಮ್ಮ ಬಿಡಲ್ಲ. ನೀವೊಂದು ತಗೊಂಬಿಡಿ ಪ್ಲೀಸ್."

"ಛೆ, ಬಾಣಂತಿ ಪಾಲಿಂದು!"

"ಅಮ್ಮನಿಗೆ ಹೇಳಲ್ಲ."

ಮಗಳ ಸಂಕಟ ನೋಡಲಾರದೆ ಅವರು ಒಂದನ್ನು ತಿಂದರು. ಅದು ಪಿತೃವಾತ್ಸಲ್ಯ. ಆದರೆ ಎರಡನೆಯದು? ಅದು ಮೊಮ್ಮಗಳು ಮೊದಲ ಸಲ ನಕ್ಕ ಸಂತೋಷಕ್ಕೆ. ಮೂರನೆಯದು ಅವಳು ಅತ್ತ ದುಃಖಕ್ಕೆ. ಆಫೀಸಿನಲ್ಲಿ ಮೇಲಧಿಕಾರಿ ಎಗರಾಡಿದ ದಿನ ಒಂದು, ಅವರೇ ಕರೆದು ಕಾಫಿ ಕೊಡಿಸಿದ ದಿನ ಒಂದು. ಪಾರ್ಕಿನ ಹಿರಿಯರು "ಇನ್ನೂ ಸೊರಗಿದ್ದೀರಲ್ಲ" ಎಂದ ದಿನ ಎರಡು. ಕಪಾಟಿನ ಬಾಗಿಲ ಹಿಂದೆ ನಿಂತು, ಶಬ್ದವಾಗದಂತೆ, ಅವಸರದಲ್ಲಿ. ಹಸಿವಾಯಿತೆಂದು ಅವರು ತಿಂದ ಉಂಡೆ ಮಾತ್ರ ಒಂದೂ ಇರಲಿಲ್ಲ.

ಡಬ್ಬ ಬರಿದಾಗುವುದನ್ನು ಕಂಡು ಮೀನಾಕ್ಷಮ್ಮ ಮತ್ತೆ ಕಟ್ಟಿದರು. ಮತ್ತೆ ಬರಿದಾಯಿತು. ಮತ್ತೆ ಕಟ್ಟಿದರು.

ಒಂದು ಭಾನುವಾರ ಯಂತ್ರ ಎಂಬತ್ತೇಳು ತೋರಿಸಿತು. ಶಾಂತವೀರಪ್ಪನವರು ಇಳಿದು, ನಿಂತು ಯೋಚಿಸಿದರು. ನೆಲ ತಣ್ಣಗಿದೆ ಎಂಬ ನೆಪಕ್ಕೆ ಯಂತ್ರದ ಕೆಳಗೊಂದು ಕಂಬಳಿ ಮಡಿಸಿ ಹಾಕಿದರು. ಎಂಬತ್ತಮೂರು! ಮೆತ್ತನೆಯ ನೆಲದ ಮೇಲೆ ಯಂತ್ರ ಕಡಿಮೆ ತೋರಿಸುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಅದಕ್ಕೇ ಅಲ್ಲವೇ ಅವರು ಎಷ್ಟೋ ಜನಕ್ಕೆ ದಂಡ ಹಾಕಿದ್ದು? "ಎಂಬತ್ತಮೂರು!" ಎಂದು ಕೂಗಿದರು. ಅಡುಗೆಮನೆಯಿಂದ "ಹೂಂ" ಬಂತು. ಮುಂದಿನ ವಾರಗಳಲ್ಲಿ ಕಂಬಳಿಯ ಮಡಿಕೆ ಎರಡಾಯಿತು, ಮೂರಾಯಿತು. ಕ್ಯಾಲೆಂಡರಿನಲ್ಲಿ ಮಾತ್ರ ಅವರು ಅಚಲವಾಗಿ ಎಂಬತ್ತಮೂರರಲ್ಲೇ ನಿಂತಿದ್ದರು.

ಮಗುವಿಗೆ ಮೂರು ತಿಂಗಳು ತುಂಬಿತು. ಮೀನಾಕ್ಷಮ್ಮ ಊಟ ಬಡಿಸುತ್ತ, "ರೀ, ಬರೋ ಸೋಮವಾರ ಮಗೂನ ಗುಡಿಗೆ ಕರ್ಕೊಂಡು ಹೋಗೋಣ. ಹಾಗೇ ನಿಮ್ಮ ತುಲಾಭಾರಾನೂ ಮುಗಿಸಿಬಿಡೋಣ. ಬೋರಣ್ಣಂಗೆ ಬೆಲ್ಲ ಹೇಳಿದ್ದೀನಿ" ಎಂದರು.

ಶಾಂತವೀರಪ್ಪನವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಎಷ್ಟು ಹೇಳಿದ್ದೀಯ?"

"ನೀವು ಎಂಬತ್ತಮೂರು. ದೇವರ ಕೆಲಸ, ಕಮ್ಮಿ ಆಗಬಾರದು ಅಂತ ಎಂಬತ್ತೈದು."

"ಮೀನಾ, ದೇವರಿಗೆ ಇಷ್ಟೆಲ್ಲ ಆಡಂಬರ ಬೇಕಾ? ಭಕ್ತಿ ಮನಸ್ಸಲ್ಲಿದ್ರೆ ಸಾಲ್ದಾ?"

"ಮನಸ್ಸಲ್ಲಿರೋ ಭಕ್ತೀನ ತಕ್ಕಡೀಲಿ ಇಡಕ್ಕಾಗಲ್ಲ. ಸುಮ್ನೆ ಊಟ ಮಾಡಿ."

ಮುಂದಿನ ಆರು ದಿನ ಅವರು ಮಜ್ಜಿಗೆಯಲ್ಲೇ ಬದುಕಿದರು. ಪಾರ್ಕಿಗೆ ಹದಿನಾಲ್ಕು ಸುತ್ತು ಹಾಕಿದರು. ಏಳನೆಯ ಸುತ್ತಿಗೆ ಹಿರಿಯರು ಬೆಂಚಿನಿಂದಲೇ, "ಡಾಕ್ಟರ್ ಏನಂದ್ರು?" ಎಂದು ಕೂಗಿದರು. ಇಷ್ಟಾದರೂ ಇಳಿದದ್ದು ಅರ್ಧ ಕಿಲೋ. ಭಾನುವಾರ ಕಂಬಳಿ ತೆಗೆದು ಬರೀ ನೆಲದ ಮೇಲೆ ಯಂತ್ರ ಇಟ್ಟು ನಿಂತರು. ತೊಂಬತ್ತನಾಲ್ಕು.

ಸಂಜೆ ಅವರ ಕಾಲುಗಳು ತಾವಾಗಿಯೇ ಗುಡಿಯ ಕಡೆ ನಡೆದವು. ತುಲಾಭಾರದ ದೊಡ್ಡ ತಕ್ಕಡಿ ತೊಲೆಯಿಂದ ತೂಗುತ್ತಿತ್ತು. ಅದರ ದಂಡಿಗೆಯ ನಡುವೆ ಸೀಸದ ಬಿಲ್ಲೆ, ಬಿಲ್ಲೆಯ ಮೇಲೆ ಮುದ್ರೆ. ಗುಡಿಯವರು ಆ ತಕ್ಕಡಿ ತಂದ ವರ್ಷ ಶಾಂತವೀರಪ್ಪನವರೇ ಪರೀಕ್ಷಿಸಿ, ತಮ್ಮ ಕೈಯಾರೆ ಸುತ್ತಿಗೆಯಿಂದ ಹೊಡೆದ ಮುದ್ರೆ. ಸುತ್ತ ಯಾರೂ ಇರಲಿಲ್ಲ. ಬೆಲ್ಲದ ತಟ್ಟೆಯ ಅಡಿಗೆ ಒಂದು ಒಂಬತ್ತು ಕಿಲೋ ಕಲ್ಲು ಕಟ್ಟಿದರೆ ಯಾರಿಗೆ ತಿಳಿಯುತ್ತದೆ? ಅವರು ತಟ್ಟೆಯನ್ನು ಮುಟ್ಟಿದರು. ಸರಪಳಿ ಕಿರ್ರೆಂದಿತು. ವೀರಭದ್ರಸ್ವಾಮಿ ಗರ್ಭಗುಡಿಯಿಂದ ಮೀಸೆ ತಿರುವಿ ನೋಡುತ್ತಿದ್ದರು. ಶಾಂತವೀರಪ್ಪನವರು ತೀರ್ಥ ತೆಗೆದುಕೊಂಡು ಮನೆಗೆ ಬಂದರು.

ಸೋಮವಾರ. ಗುಡಿಯಲ್ಲಿ ವಾಕಿಂಗ್ ಬಳಗವೆಲ್ಲ ಸೇರಿತ್ತು. ಬೋರಣ್ಣ ತನ್ನ ಆಟೋದಲ್ಲಿ ಬೆಲ್ಲ ತಂದಿದ್ದ. ಹೊಸ ಪಂಚೆ ಉಟ್ಟ ಶಾಂತವೀರಪ್ಪನವರು ಒಂದು ತಟ್ಟೆಯಲ್ಲಿ ಪದ್ಮಾಸನ ಹಾಕಿ ಕೂತರು. ತಟ್ಟೆ ನೆಲ ಮುಟ್ಟಿತು. ಎದುರು ತಟ್ಟೆಗೆ ಬೆಲ್ಲದ ಪೆಂಟೆಗಳು ಒಂದೊಂದಾಗಿ ಬಿದ್ದವು. ಐವತ್ತು. ಎಪ್ಪತ್ತು. ಎಂಬತ್ತು. ಕೊನೆಯ ಪೆಂಟೆಯೂ ಬಿತ್ತು, ಎಂಬತ್ತೈದು. ಶಾಂತವೀರಪ್ಪನವರು ಕಣ್ಣುಮುಚ್ಚಿ, ಉಸಿರು ಬಿಗಿಹಿಡಿದು, ಹಗುರವಾದದ್ದನ್ನೆಲ್ಲ ನೆನೆದರು: ಹತ್ತಿ, ಹಪ್ಪಳ, ಮೋಡ.

ತಟ್ಟೆ ಕದಲಲಿಲ್ಲ.

"ಇನ್ನೂ ಸ್ವಲ್ಪ ಬೆಲ್ಲ ಇದ್ಯಾಮ್ಮ?" ಎಂದರು ಅರ್ಚಕರು.

ಮೀನಾಕ್ಷಮ್ಮ ಗಂಡನನ್ನು ನೋಡಿದರು. ಗಂಡ ಕಣ್ಣು ತೆರೆಯಲಿಲ್ಲ. ಪಾರ್ಕಿನ ಹಿರಿಯರು ಮುಂದೆ ಬಂದು, "ತಕ್ಕಡೀದೇ ಏನೋ ದೋಷ ಇರಬೇಕು. ಅವರು ನೋಡಿ, ಪಾಪ, ಎಷ್ಟು ಸೊರಗಿದ್ದಾರೆ" ಎಂದರು.

"ಇರಬಹುದು ಸಾರ್," ಎಂದ ಬೋರಣ್ಣ, ತುಂಬಾ ವಿನಯದಿಂದ. ಹತ್ತಿರ ಹೋಗಿ ದಂಡಿಗೆಯನ್ನು ನೋಡಿದ. "ಅಯ್ಯೋ, ಇಲ್ಲಿ ನಮ್ಮ ಇನ್‌ಸ್ಪೆಕ್ಟರ್ ಸಾರ್ ಮುದ್ರೇನೇ ಇದೆ! ಅವರನ್ನೇ ಕೇಳೋಣ. ಸಾರ್, ತಕ್ಕಡಿ ತಪ್ಪಾ?"

ಎಲ್ಲರೂ ಶಾಂತವೀರಪ್ಪನವರತ್ತ ತಿರುಗಿದರು. ತಕ್ಕಡಿ ತಪ್ಪು ಎಂದರೆ ಮೂವತ್ತು ವರ್ಷದ ಮಾನ ಹೋಗುತ್ತದೆ. ಸರಿ ಎಂದರೆ ಮೂರು ತಿಂಗಳ ಎಂಬತ್ತಮೂರು ಹೋಗುತ್ತದೆ. ಅವರು ಒಂದು ಕಣ್ಣು ತೆರೆದರು. ಅಜ್ಜಿಯ ತೋಳಿನಲ್ಲಿದ್ದ ಮೊಮ್ಮಗಳು ಅವರನ್ನೇ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ತಕ್ಕಡಿ ಸರಿಯಾಗಿದೆ," ಎಂದರು. "ತಪ್ಪು ನಂದು. ಇನ್ನೊಂಬತ್ತು ಕಿಲೋ ತನ್ನಿ."

ಬೋರಣ್ಣನ ಅಂಗಡಿಯಿಂದ ಇನ್ನೆಂಟು ಕಿಲೋ ಬಂತು, ಅಂಗಡಿಯಲ್ಲಿದ್ದದ್ದೇ ಅಷ್ಟು. ಆಗ ಅವರ ತಟ್ಟೆ ಎದ್ದೇನೋ ಎದ್ದಿತು, ಆದರೆ ಒಂದು ಗೇಣು ಕೆಳಗೇ ಉಳಿಯಿತು. ಆಗ ಮೀನಾಕ್ಷಮ್ಮ ಮಗುವನ್ನು ಮಗಳ ಕೈಗೆ ಕೊಟ್ಟು, ಅವಳ ಚೀಲಕ್ಕೆ ಕೈಹಾಕಿ ಸ್ಟೀಲಿನ ಡಬ್ಬ ತೆಗೆದರು. ಬಾಣಂತಿಯ ಊಟಕ್ಕೆ ಹೊತ್ತಾದರೆ ಇರಲಿ ಎಂದು ತಂದಿದ್ದ ಅಂಟಿನುಂಡೆ. ಅದನ್ನು ಬೆಲ್ಲದ ಮೇಲಿಟ್ಟರು.

ದಂಡಿಗೆ ಸಮವಾಗಿ ನಿಂತಿತು. ಗಂಟೆ ಮೊಳಗಿತು.

ಮನೆಗೆ ಬಂದ ಮೇಲೆ ಶಾಂತವೀರಪ್ಪನವರು ಕಂಬಳಿಯ ಕಥೆಯನ್ನೆಲ್ಲ ಒಪ್ಪಿಸಿದರು. ಮೀನಾಕ್ಷಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಕಂಬಳಿ ವಿಷಯ ನಂಗೆ ಗೊತ್ತಿರ್ಲಿಲ್ಲ, ನೀವು ಎಂಬತ್ತಮೂರು ಅಂತ ಕೂಗಿದ್ದನ್ನ ನಂಬಿದ್ದೆ. ಉಂಡೆ ವಿಷಯ ಮೊದಲ ಡಬ್ಬಕ್ಕೇ ಗೊತ್ತಾಯ್ತು. ಅಷ್ಟು ಉಂಡೆ ತಿಂದೋಳು ಹೀಗೆ ಕಡ್ಡಿ ಥರ ಇರ್ತಾಳಾ? ಅವಳನ್ನ ಹೆತ್ತೋಳು ನಾನು."

"ಗೊತ್ತಿದ್ದೂ ಮತ್ತೆ ಮತ್ತೆ ಕಟ್ಟಿದ್ಯಾ?"

"ಆ ಐದು ತಿಂಗಳು ನೀವು ಈ ಮನೇಲಿ ಒಂದ್ಸಲ ನಕ್ಕಿದ್ದು ನಾನು ಕಾಣೆ. ಮಗು ಬಂದ್ಮೇಲೆ ನಗೋಕೆ ಶುರು ಮಾಡಿದ್ರಿ. ಹೋಗ್ಲಿ, ದಿನಕ್ಕೊಂದು ತಿನ್ಲಿ ಅಂದ್ಕೊಂಡೆ. ನೀವು ಡಬ್ಬಾನೇ ಎತ್ತಿದ್ರಿ! ಕದ್ದು ತಿಂದ್ರೆ ಎಷ್ಟು ತಿಂದ್ರೂ ತಿಂದ ಹಾಗಾಗಲ್ಲ ರೀ. ಎದುರಿಗೆ ಕೂತು ತಿಂದಿದ್ರೆ ಒಂದಕ್ಕೇ ಸಾಕಾಗ್ತಿತ್ತು."

ಡಾಕ್ಟರು ಕೊಟ್ಟ ನಾಲ್ಕು ಪುಟದ ಪಥ್ಯದ ಪಟ್ಟಿಯಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

"ಅಂದಹಾಗೆ," ಎಂದರು ಮೀನಾಕ್ಷಮ್ಮ, "ಎಂಬತ್ತೈದರೊಳಗೆ ಬಂದ್ರೆ ಅಂತ ತಾನೇ ಹರಕೆ? ಇವತ್ತಿಂದು ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಮತ್ತೆ ಕೂರ್ಬೇಕು. ಆದ್ರೆ ಇನ್ಮೇಲೆ ಆ ಯಂತ್ರ ಬೇಡ. ಬೋರಣ್ಣನ ಹತ್ರ ಮಾತಾಡಿದ್ದೀನಿ."

ಈಗ ಪ್ರತಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಬೋರಣ್ಣನ ಅಂಗಡಿಯಲ್ಲಿ ಅಕ್ಕಿ ಮೂಟೆ ತೂಗುವ ದೊಡ್ಡ ಕಾಟಾದ ಮೇಲೆ ಶಾಂತವೀರಪ್ಪನವರು ನಿಲ್ಲುತ್ತಾರೆ. ಹಾಲಿಗೆ ಬಂದವರು, ಮೊಟ್ಟೆಗೆ ಬಂದವರು, ವಾಕಿಂಗ್ ಬಳಗದವರು ಸುತ್ತ ಸೇರುತ್ತಾರೆ. "ಶುಗರಾ?" ಎಂದು ಈಗ ಯಾರೂ ಕೇಳುವುದಿಲ್ಲ. "ಎಷ್ಟು ಬಂತು ಸಾರ್?" ಎನ್ನುತ್ತಾರೆ. ಮುನ್ನೂರು ಗ್ರಾಂ ಇಳಿದ ದಿನ ಚಪ್ಪಾಳೆಯೂ ಬೀಳುತ್ತದೆ. ಏನೂ ಇಳಿಯದ ದಿನ ಹಿರಿಯರು, "ನಿಂತಲ್ಲೇ ನಿಲ್ಲೋದೇ ಕಷ್ಟ ಬಿಡಿ" ಎಂದು ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ. ಮನೆಗೆ ಹೋದ ಮೇಲೆ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೀನಾಕ್ಷಮ್ಮನ ಎದುರಿಗೇ, ನಿಧಾನವಾಗಿ ಒಂದು ಅಂಟಿನುಂಡೆ. ಆಶ್ಚರ್ಯವೆಂದರೆ, ಒಂದಕ್ಕೇ ಸಾಕಾಗುತ್ತದೆ.

ಹೋದ ಭಾನುವಾರ ಮಾತ್ರ ಕಾಟಾ ಇನ್ನೂರು ಗ್ರಾಂ ಹೆಚ್ಚು ತೋರಿಸಿತು. ಶಾಂತವೀರಪ್ಪನವರು ಕೆಳಗೆ ಬಗ್ಗಿ ನೋಡಿ, "ಬೋರಣ್ಣ, ಈ ನೆಲ ಯಾಕೋ ಸ್ವಲ್ಪ ಓರೆ ಇದ್ದಂಗಿದೆಯಲ್ಲ?" ಎಂದರು.

ಬೋರಣ್ಣ ಈ ಘಳಿಗೆಗಾಗಿ ಒಂದು ವರ್ಷದಿಂದ ಕಾದಿದ್ದ. ಕೈಯಲ್ಲಿದ್ದ ಪೊಟ್ಟಣವನ್ನು ಕೆಳಗಿಟ್ಟು, ಗಿರಾಕಿಗಳೆಲ್ಲ ಕೇಳುವಂತೆ, ತುಂಬಾ ಮರ್ಯಾದೆಯಿಂದ ಹೇಳಿದ:

"ತಕ್ಕಡಿ ಸುಳ್ಳು ಹೇಳಲ್ಲ ಸಾರ್, ನೀವೇ ಹೇಳ್ಕೊಟ್ಟಿದ್ದು. ಸುಳ್ಳು ಹೇಳೋನು ಪಕ್ಕದಲ್ಲಿ ನಿಂತಿರ್ತಾನೆ ಅಂದಿದ್ರಲ್ಲ, ಅದೊಂದು ತಿದ್ಕೊಳ್ಳಿ. ಒಂದೊಂದ್ಸಲ ಮೇಲೇ ನಿಂತಿರ್ತಾನೆ."